ಹೊನ್ನಯ್ಯನ ಹಸಿವು

ರಂಗಲಕ್ಷ್ಮಮ್ಮನ ಅಣ್ಣ ಹೊನ್ನಯ್ಯ ಸತ್ತಾಗ ಅವನಿಗೆ ಆಗಷ್ಟೇ ಮೀಸೆ ಚಿಗುರುತ್ತಿತ್ತು. ಅವಳಿನ್ನೂ ಲಂಗ ಉಡುವ ಹುಡುಗಿ. ಚೇಳೂರಿನ ಪಕ್ಕದ ಹಳ್ಳಿಯ ಆ ಮನೆಗೆ ಅವನ ಹೊಟ್ಟೆನೋವು ಹೊಸದಾಗಿರಲಿಲ್ಲ. ಚಿಕ್ಕಂದಿನಿಂದಲೂ ಬರುತ್ತಿತ್ತು, ನಾಲ್ಕಾರು ದಿನ ಹಿಂಡುತ್ತಿತ್ತು, ಹೋಗುತ್ತಿತ್ತು. ಆ ಸಲ ಬಂದದ್ದು ಮಾತ್ರ ಹೋಗಲಿಲ್ಲ. ಗುಬ್ಬಿಯಿಂದ ಬಂದ ಪಂಡಿತರು ಹೊಟ್ಟೆ ಮುಟ್ಟಿ ನೋಡಿ, ಬಾಯಿಗೆ ಏನನ್ನೂ ಹಾಕಕೂಡದು, ಬೇಕಾದರೆ ಒದ್ದೆ ಬಟ್ಟೆಯಲ್ಲಿ ತುಟಿ ಒರೆಸಿ ಎಂದು ಕಟ್ಟಪ್ಪಣೆ ಮಾಡಿ ಹೋದರು. ದೊಡ್ಡವರು ಹೊಲದ ಕಡೆ ಹೋದ ಹೊತ್ತಿನಲ್ಲಿ ಅವನ ಬಳಿ ಕೂತವಳು ರಂಗಲಕ್ಷ್ಮಮ್ಮ. ಹಬ್ಬ ಮುಗಿದಿತ್ತು. ಅಡುಗೆಮನೆಯ ನೆಲುವಿನಲ್ಲಿ ಕಜ್ಜಾಯದ ಮಡಕೆ ತೂಗುತ್ತಿತ್ತು.

"ಲಕ್ಷ್ಮೀ, ಹಸಿವಾಯ್ತದೆ ಕಣೇ. ಒಂದು ಚೂರು ಮುರ್ಕೊಂಡು ಬಾ" ಎಂದ ಹೊನ್ನಯ್ಯ.

"ಅವ್ವ ಬೈತಾಳೆ."

"ಅವ್ವಂಗೆ ನಾನು ಹೇಳ್ತೀನಾ? ಇಲಿ ತಿಂತು ಅನ್ನು."

ಅವಳು ತರಲಿಲ್ಲ. ಮತ್ತೂ ಕೇಳಿದ, ತರಲಿಲ್ಲ. ಬಿಸಿಲು ಇಳಿಯುವ ಹೊತ್ತಿಗೆ ಅವನು ಕೇಳುವುದನ್ನು ನಿಲ್ಲಿಸಿದ. ಮರುದಿನ ಅವನನ್ನು ಮಣ್ಣು ಮಾಡಿ ಬಂದವರು ಕೈಕಾಲು ತೊಳೆಯುತ್ತಿದ್ದಾಗ ಅವರ ತಾಯಿ ದೊಡ್ಡಗಂಗಮ್ಮ ಎದೆ ಬಡಿದುಕೊಂಡು ಅತ್ತದ್ದು ಒಂದೇ ಮಾತಿಗೆ: "ನನ್ನ ಮಗ ಹಸ್ಕೊಂಡು ಹೋದ್ನಲ್ಲಾ."

ಹೊಟ್ಟೆಗಿಲ್ಲದೆ ಸತ್ತವನಿಗೆ ದಾರಿ ಸಿಗುವುದಿಲ್ಲ, ಅವನು ತನ್ನವರ ಸುತ್ತಲೇ ಸುಳಿಯುತ್ತಾನೆ ಎಂದು ಆ ಕಡೆಯ ಹೆಂಗಸರು ಹೇಳುತ್ತಾರೆ. ರಂಗಲಕ್ಷ್ಮಮ್ಮನಿಗೆ ಅದನ್ನು ಯಾರೂ ಹೇಳಬೇಕಾಗಿರಲಿಲ್ಲ. ನೆಲುವು ಗಾಳಿಗೆ ಕಿರುಗುಟ್ಟಿದರೆ ಅವಳು ತಿರುಗಿ ನೋಡುತ್ತಿದ್ದಳು.

ಮದುವೆಯಾಗಿ ಬಂದದ್ದು ಕುಣಿಗಲ್ ತಾಲ್ಲೂಕಿಗೆ, ಮಾರ್ಕೋನಹಳ್ಳಿ ಕಾಲುವೆಯ ಕೆಳಗಿನ ಊರಿಗೆ. ಗಂಡ ವೆಂಕಟರಂಗಯ್ಯ ಗದ್ದೆಗಳಿಗೆ ಸರದಿಯ ಮೇಲೆ ನೀರು ಬಿಡುವ ನೀರುಗಂಟಿ. ಹೆಗಲ ಮೇಲೆ ಮಣ್ಣೆಳೆಯುವ ಸನಿಕೆ, ಬಾಯಲ್ಲಿ ತಮಾಷೆ. ಹೆಂಡತಿ ಯಾರನ್ನೂ ಅರೆಹೊಟ್ಟೆಯಲ್ಲಿ ಏಳಗೊಡುವುದಿಲ್ಲ ಎಂಬುದು ಅವನಿಗೆ ಬೇಗ ತಿಳಿಯಿತು. "ನಮ್ಮನೇಲಿ ಊಟ ಅಂದ್ರೆ ಕುಸ್ತಿ ಕಣಪ್ಪ. ಸೋತೋನು ಇನ್ನೊಂದು ಮುದ್ದೆ ಉಣ್ಣಬೇಕು" ಎಂದು ನೆಂಟರ ಮುಂದೆ ಹೇಳಿ ನಗಿಸುತ್ತಿದ್ದ. ಅವಳೂ ನಗುತ್ತಿದ್ದಳು. ನಗುತ್ತಲೇ ಬಡಿಸುತ್ತಿದ್ದಳು.

ಅವರಿಗೆ ಉಳಿದದ್ದು ಒಬ್ಬನೇ ಮಗ, ಸಿದ್ದಗಂಗಯ್ಯ. ಎಲ್ಲರ ಬಾಯಲ್ಲಿ ಸಿದ್ದ. ಎಪ್ಪತ್ತೆರಡನೇ ಇಸವಿಯಲ್ಲಿ ಅವನಿನ್ನೂ ಸ್ಲೇಟು ಹಿಡಿದು ಒಂದನೇ ಕ್ಲಾಸಿಗೆ ಹೋಗುತ್ತಿದ್ದ. ಯಾರದೋ ಮದುವೆಯ ಊಟ ಮಾಡಿ ಬಂದ ಮರುದಿನ ಬೆಳಗ್ಗೆ ಹುಡುಗ ಹೊಟ್ಟೆ ಹಿಡಿದುಕೊಂಡ. ಮಕ್ಕಳ ಹೊಟ್ಟೆನೋವು ಅಂದುಕೊಂಡು ಓಮಿನ ಕಾಳು ಅಗಿಸಿದಳು. ನೀರು ಸೇದಿಕೊಂಡು ಬರುವಷ್ಟರಲ್ಲಿ ಅವನು ಹಜಾರದ ಮೂಲೆಯಲ್ಲಿ ಮಂಡಿಯೂರಿ, ಹಣೆಯನ್ನು ನೆಲಕ್ಕೆ ಒತ್ತಿ, ಎರಡು ಕೈಯಿಂದಲೂ ಹೊಟ್ಟೆ ಅವುಚಿಕೊಂಡು ಮುದುಡಿದ್ದ. ಬೆನ್ನು ಮಾತ್ರ ಮೇಲಕ್ಕೆ ಕಾಣುತ್ತಿತ್ತು.

ಅವಳ ಕೈಯಿಂದ ಕೊಡ ಜಾರಿತು. ಹೊನ್ನಯ್ಯ ನೋವು ಬಂದಾಗ ಕೂರುತ್ತಿದ್ದದ್ದು ಹೀಗೆಯೇ. ಮಲಗಿದರೆ ಆಗುತ್ತಿರಲಿಲ್ಲ, ನಿಂತರೆ ಆಗುತ್ತಿರಲಿಲ್ಲ. ಈ ಮಗು ಮಾವನನ್ನು ಕಂಡದ್ದೇ ಇಲ್ಲ. ಯಾರು ಕಲಿಸಿದರು ಹೀಗೆ ಕೂರುವುದನ್ನು?

"ಸಿದ್ದಾ, ಎಲ್ಲಿ ನೋಯ್ತದೆ ಮಗ?"

"ಹೊಟ್ಟೆ ಮೇಗಡೆ. ಬೆನ್ನಿಗೆ ತೂರ್ಕೊಂಡು ಹೋಯ್ತದೆ ಅವ್ವ. ಯಾರೋ ಒಳಗೆ ಕೂತ್ಕೊಂಡು ತಿವೀತವ್ರೆ."

ಯಾರೋ ಒಳಗೆ ಕೂತಿದ್ದಾರೆ ಎಂಬ ಮಾತು ಅವಳಿಗೆ ಸಾಕಾಯಿತು.

ಕುಣಿಗಲ್ಲಿನ ಡಾಕ್ಟರೊಬ್ಬರು ನೋಡಿ ಜಂತುಹುಳು ಎಂದರು, ಸೀಸೆಯ ತುಂಬ ಔಷಧಿ ಕೊಟ್ಟರು. ಹುಳುವೂ ಬೀಳಲಿಲ್ಲ, ನೋವೂ ನಿಲ್ಲಲಿಲ್ಲ. ವಾಂತಿ ಮಾಡಿ ಮಾಡಿ ಹುಡುಗ ಏನನ್ನೂ ತಿನ್ನಲಾರದೆ ಬಿದ್ದುಕೊಂಡ. ಕೊನೆಗೆ ನೋವು ತಾನಾಗಿಯೇ ಇಳಿಯಿತು. ಕೆಲವು ತಿಂಗಳು ಕಳೆದು ಮತ್ತೆ ಬಂತು. ಆಗ ಅವಳು ಮಗನನ್ನು ಎತ್ತಿಕೊಂಡು ತವರಿಗೆ ಹೋದಳು.

ದೊಡ್ಡಗಂಗಮ್ಮ ಮೊಮ್ಮಗನನ್ನು ತೊಡೆಯ ಮೇಲೆ ಮಲಗಿಸಿಕೊಂಡು ಅವನ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಅಳಲಿಲ್ಲ, ಹಗುರಾದವಳಂತೆ ಉಸಿರು ಬಿಟ್ಟಳು.

"ಬಂದವ್ನೆ. ಎಲ್ಲೋ ಅಲೀತಿದ್ದ, ಈಗ ನೆಲೆ ಹಿಡ್ದವ್ನೆ."

"ಹಂಗನ್ಬೇಡ ಕಣವ್ವ. ನನ್ನ ಮಗ ಸಾಯ್ತಾನೆ."

"ಸಾಯಲ್ಲ. ಅವನ ಹಸಿವು ತೀರಿಸು, ಹೋಯ್ತಾನೆ. ಪಿತೃಪಕ್ಷದಲ್ಲಿ ಇಲ್ಲಿಗೆ ಕರ್ಕೊಂಡ್ ಬಾ. ಹೊನ್ನನ ಎಡೆ ಇವನು ಉಣ್ಲಿ."

ಪಿತೃಪಕ್ಷದಲ್ಲಿ ಸತ್ತವರಿಗೆ ಎಡೆ ಇಡುವುದು ಎಲ್ಲರ ಮನೆಯಲ್ಲೂ ಇದ್ದದ್ದೇ. ಸತ್ತವರಿಗೆ ಬದುಕಿದ್ದಾಗ ಏನು ಇಷ್ಟವಿತ್ತೋ ಅದನ್ನೆಲ್ಲ ಮಾಡಿ, ಬಾಳೆ ಎಲೆಯ ತುಂಬ ಬಡಿಸಿ, ದೀಪ ಹಚ್ಚಿ, ಮನೆಯವರೆಲ್ಲ ಹೊರಗೆ ಬಂದು ಬಾಗಿಲು ಎಳೆದುಕೊಳ್ಳುತ್ತಾರೆ. ಒಳಗೆ ಅವರು ಬಂದು ಉಣ್ಣಲಿ ಎಂದು ಜಗಲಿಯ ಮೇಲೆ ಮಾತಿಲ್ಲದೆ ಕಾಯುತ್ತಾರೆ. ಆಮೇಲೆ ಕೆಮ್ಮಿ, ಬಾಗಿಲು ತಟ್ಟಿ, ಒಳಗೆ ಹೋಗಿ ಆ ಎಡೆಯನ್ನು ಎಲ್ಲರೂ ಇಷ್ಟಿಷ್ಟು ಹಂಚಿಕೊಂಡು ಉಣ್ಣುತ್ತಾರೆ. ಆ ಮನೆಯಲ್ಲಿ ಮಾತ್ರ ಅಂದಿನಿಂದ ಹೊನ್ನಯ್ಯನ ಎಲೆಯನ್ನು ಹಂಚಲಿಲ್ಲ. ಎಣ್ಣೆ ಸೋರುವ ಕಜ್ಜಾಯ, ವಡೆ, ಕೊಬ್ಬರಿ ಮಸಾಲೆಯ ಕುರಿಮಾಂಸದ ಸಾರು, ತುಪ್ಪ ಸುರಿದ ಅನ್ನ ಎಲ್ಲವನ್ನೂ ಸಿದ್ದನ ಮುಂದಿಟ್ಟು, ಅಜ್ಜಿ ಒಂದು ಕಡೆ, ತಾಯಿ ಒಂದು ಕಡೆ ಕೂತರು. "ಉಣ್ಣು ನನ್ನಪ್ಪ" ಎಂದಳು ದೊಡ್ಡಗಂಗಮ್ಮ. ಅವಳು ಕರೆದದ್ದು ಮೊಮ್ಮಗನನ್ನೋ ಮಗನನ್ನೋ ಯಾರೂ ಕೇಳಲಿಲ್ಲ.

ಮರುದಿನ ನೋವು ಬಂತು. ಹಿಂದೆಂದೂ ಇಲ್ಲದಷ್ಟು ಬಂತು. "ನೋಡಿದ್ಯಾ, ಉಂಡವ್ನೆ. ಉಂಡು ಎದ್ದೋಯ್ತಾ ಒದ್ದು ಹೋಯ್ತಾನೆ" ಎಂದಳು ಅಜ್ಜಿ. ನೋವು ಇಳಿದ ಮೇಲೆ ಹುಡುಗ ಕೆಲವು ತಿಂಗಳು ಚೆನ್ನಾಗಿದ್ದ. ಹಾಗಾಗಿ ಎಲ್ಲ ಸರಿಯಾಗಿಯೇ ನಡೆದಿದೆ ಎಂದು ಇಬ್ಬರೂ ನಂಬಿದರು.

ಹೀಗೆ ವರ್ಷ ವರ್ಷವೂ ನಡೆಯಿತು. ನಡುನಡುವೆ ಹಬ್ಬದೂಟದ ಮೇಲೆ, ಮದುವೆ ಊಟದ ಮೇಲೆ ಬಂದ ನೋವಿಗೆ ದೃಷ್ಟಿ ತೆಗೆದರು. ಎಡೆಯ ಮೇಲೆ ಬಂದ ನೋವಿಗೆ ಹೊನ್ನಯ್ಯನನ್ನು ಬೇಡಿಕೊಂಡರು. ಯಾವ ನೋವಿಗೂ ಊಟದ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ನೋವು ಬಿಟ್ಟ ಮೇಲೆ ಹುಡುಗ ಸೊರಗಿದ್ದಾನೆಂದು ರಂಗಲಕ್ಷ್ಮಮ್ಮ ಕೊಬ್ಬರಿ ಬೆಲ್ಲ ಕುಟ್ಟಿ ಉಂಡೆ ಕಟ್ಟಿ ತಿನ್ನಿಸುತ್ತಿದ್ದಳು. ತಿಂದದ್ದು ಮೈಗೆ ಹತ್ತುತ್ತಿರಲಿಲ್ಲ. ಅವನು ಹೊರಗೆ ಹೋಗಿ ಬಂದ ಜಾಗದಲ್ಲಿ ಎಣ್ಣೆ ಚೆಲ್ಲಿದಂತೆ ಜಿಡ್ಡು, ಮೂಗು ಮುಚ್ಚಿಕೊಳ್ಳುವ ನಾತ. ಜೊತೆಯ ಹುಡುಗರು ಅಣಕಿಸುತ್ತಿದ್ದರು. ಅವನು ಎಲ್ಲರೂ ಹೋಗಿ ಬಂದ ಮೇಲೆ ಒಬ್ಬನೇ ದೂರದ ಹಳ್ಳದ ಕಡೆ ಹೋಗುವುದನ್ನು ಕಲಿತ. ಸ್ಕೂಲಿಗೆ ಹೋದ ದಿನಗಳಿಗಿಂತ ಹೋಗದ ದಿನಗಳೇ ಹೆಚ್ಚಾದವು.

ಒಮ್ಮೆ ಎಡೆಯ ಹೊತ್ತಿನಲ್ಲಿ, ಮುಚ್ಚಿದ ಬಾಗಿಲ ಹೊರಗೆ ಜಗಲಿಯ ಮೇಲೆ ಅವನು ತಾಯಿಯ ಕಿವಿಯ ಹತ್ತಿರ ಹೇಳಿದ: "ಮಾವಂಗೆ ವಡೆ ಅಷ್ಟು ಬೇಡ ಕಣವ್ವ. ಕಜ್ಜಾಯಕ್ಕೇ ಬತ್ತಾನೆ."

"ಯಾರ್ಲಾ ಹೇಳಿದ್ದು ನಿಂಗೆ?"

"ಯಾರೂ ಇಲ್ಲ. ನಂಗೇ ಗೊತ್ತಾಯ್ತದೆ."

ನೆಲುವಿನ ಮಡಕೆಯ ವಿಷಯವನ್ನು ಅವಳು ತಾಯಿಗೂ ಹೇಳಿರಲಿಲ್ಲ, ಗಂಡನಿಗೂ ಹೇಳಿರಲಿಲ್ಲ. ಹುಡುಗ ಬಾಗಿಲ ಸಂದಿನಲ್ಲಿ ಕಾಣುವ ದೀಪದ ಬೆಳಕನ್ನೇ ನೋಡುತ್ತ ಕೂತಿದ್ದ. ಅವನ ಮುಖದಲ್ಲಿ ಹೆದರಿಕೆ ಇರಲಿಲ್ಲ. ಗುರುತಿನವರು ಬರುವುದನ್ನು ಕಾಯುವವನಂತೆ ಇದ್ದ. ಅದೇ ಅವಳಿಗೆ ಹೆಚ್ಚು ಭಯವಾದದ್ದು.

ವೆಂಕಟರಂಗಯ್ಯ ಇದಕ್ಕೆಲ್ಲ ಅಡ್ಡ ಬರಲಿಲ್ಲ, ಒಪ್ಪಲೂ ಇಲ್ಲ. "ನಿನ್ನ ಅಣ್ಣಂಗೆ ನಮ್ಮೂರ ನೀರು ಒಗ್ಗಲ್ಲವೇನೋ, ವರ್ಷಕ್ಕೊಂದು ಸಲ ಅಲ್ಲಿಗೇ ಕರೆಸ್ಕೊತಾನೆ" ಎಂದು ತಮಾಷೆ ಮಾಡಲು ಹೋಗಿ, ಹೆಂಡತಿಯ ಮುಖ ನೋಡಿ ಸುಮ್ಮನಾಗುತ್ತಿದ್ದ.

ಎಪ್ಪತ್ತೊಂಬತ್ತರ ಪಿತೃಪಕ್ಷ ಬಂತು. ಸಿದ್ದನಿಗೆ ಆಗ ಹದಿಮೂರು ದಾಟಿತ್ತು. ಎಡೆ ಉಂಡ ಮರುದಿನ ಬೆಳಗ್ಗೆ ಹೊಟ್ಟೆ ಸ್ವಲ್ಪ ಬಿಗಿದಿದೆ ಅಂದ. ದಾರಿಯಲ್ಲಿ ಸರಿಹೋದೀತೆಂದು ತಾಯಿ ಮಗ ಊರಿಗೆ ಹೊರಟರು. ಗುಬ್ಬಿ ಬಿಟ್ಟ ಬಸ್ಸು ತುಮಕೂರು ಸೇರುವ ಮೊದಲೇ ಹುಡುಗ ಸೀಟಿನಿಂದ ಜಾರಿ, ಬಸ್ಸಿನ ನೆಲದ ಮೇಲೆ ಮಂಡಿಯೂರಿ ಮುದುಡಿದ. ಮೈ ತಣ್ಣಗೆ ಬೆವರುತ್ತಿತ್ತು, ತುಟಿ ಬಿಳಿಚಿತ್ತು. ಕಂಡಕ್ಟರ್ ಬಗ್ಗಿ ನೋಡಿದ.

"ಏನಮ್ಮ ಇದು, ಮಗು ಹಿಂಗಾಗದೆ?"

"ಏನಿಲ್ಲ ಕಣಪ್ಪ, ಅವನಿಗೆ ಆಗಾಗ ಹಿಂಗೆ. ಕುಣಿಗಲ್ ಬಸ್ಸಿಗೆ ಹತ್ತಿಸಿಬುಡು, ಮನೆಗೆ ಹೋದ್ರೆ ಸರಿಹೋಯ್ತಾನೆ."

"ಕುಣಿಗಲ್ಲಾ? ನಿಂಗೇನು ತಲೆ ಕೆಟ್ಟದಾ? ಇವನು ಬಸ್ ಸ್ಟ್ಯಾಂಡು ದಾಟಲ್ಲ" ಎಂದವನೇ, ಡ್ರೈವರಿಗೆ ಕೂಗಿ, ತುಮಕೂರಿನ ದೊಡ್ಡಾಸ್ಪತ್ರೆಗೆ ಹತ್ತಿರವಾಗುವಲ್ಲಿ ಬಸ್ಸು ನಿಲ್ಲಿಸಿ, ತಾನೇ ಹುಡುಗನನ್ನು ಹೊತ್ತು ಜಟಕಾದಲ್ಲಿ ಮಲಗಿಸಿದ.

ಆಸ್ಪತ್ರೆಯಲ್ಲಿ ಕೈಗೆ ಸೂಜಿ ಚುಚ್ಚಿ ಬಾಟಲಿ ನೀರು ಏರಿಸಿದರು. ಮೂಗಿನಲ್ಲಿ ರಬ್ಬರಿನ ಕೊಳವೆ ಇಳಿಸಿದರು. ವಾರ್ಡಿನ ಡಾಕ್ಟರು ಚನ್ನಬಸವಯ್ಯ ನಿಧಾನದ ಮನುಷ್ಯ. ಮೊದಲು ಅವರು ಹೇಳಿದ್ದು ಇಷ್ಟೆ: "ಬಾಯಿಗೆ ಏನೂ ಹಾಕಬೇಡಿಯಮ್ಮ. ನೀರು ಕೂಡ ನಾವು ಹೇಳೋವರೆಗೆ ಬೇಡ."

ರಂಗಲಕ್ಷ್ಮಮ್ಮನಿಗೆ ಗುಬ್ಬಿಯ ಪಂಡಿತರ ನೆನಪಾಯಿತು. ಅದೇ ಮಾತು, ಇಷ್ಟು ವರ್ಷ ಕಳೆದು ಇನ್ನೊಬ್ಬರ ಬಾಯಲ್ಲಿ.

ನೋವು ತಗ್ಗುತ್ತ ಬಂದಂತೆ ಡಾಕ್ಟರು ಎಕ್ಸರೇ ತೆಗೆಸಿದರು. ಆ ಕಪ್ಪು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಅವಳನ್ನು ಹತ್ತಿರ ಕರೆದರು. ಬೆನ್ನುಮೂಳೆಯ ಎರಡೂ ಬದಿಗೆ ಅಕ್ಕಿ ನುಚ್ಚು ಚೆಲ್ಲಿದಂತೆ ಬೆಳ್ಳಗೆ ಕಾಣುತ್ತಿತ್ತು.

"ಜಠರದ ಹಿಂದೆ, ಬೆನ್ನಿಗೆ ಅಂಟಿದ ಹಾಗೆ ಮೇದೋಜೀರಕ ಅಂತ ಒಂದು ಗ್ರಂಥಿ ಇದೆ. ತಿಂದದ್ದನ್ನ ಅರಗಿಸೋ ರಸ ಅಲ್ಲಿ ಹುಟ್ಟೋದು. ಇವನಿಗೆ ಅದರೊಳಗೇ ಕಲ್ಲು ಕಟ್ಟಿದೆ. ರಸಕ್ಕೆ ದಾರಿಯಿಲ್ಲ. ಜಿಡ್ಡು ತಿಂದಾಗ ರಸ ಜಾಸ್ತಿಯಾಗುತ್ತೆ, ಹೊರಗೆ ಹೋಗಲಾರದೆ ಆ ಗ್ರಂಥಿಯನ್ನೇ ಸುಡುತ್ತೆ. ಮಲದಲ್ಲಿ ಎಣ್ಣೆ ಎಣ್ಣೆ ಹೋಗುತ್ತಾ?"

ಅವಳು ಬೆಚ್ಚಿದಳು. ಅದು ಮನೆಯವರಿಗಲ್ಲದೆ ಯಾರಿಗೂ ತಿಳಿಯದ ವಿಷಯ. "ಹೋಯ್ತದೆ ಬುದ್ಧಿ" ಎಂದಳು.

"ನಿಮ್ಮ ಕಡೆ ಯಾರಿಗಾದರೂ ಹೀಗೆ ಇತ್ತಾ?"

ಆಗ ಅವಳು ಹೊನ್ನಯ್ಯನ ಮಾತೆತ್ತಿದಳು. ಚಿಕ್ಕಂದಿನಿಂದ ಬರುತ್ತಿದ್ದ ನೋವು, ಕೂರುತ್ತಿದ್ದ ರೀತಿ, ಪಂಡಿತರ ಕಟ್ಟಪ್ಪಣೆ ಎಲ್ಲ ಹೇಳಿದಳು. ಎಡೆಯ ವಿಷಯ ಹೇಳುವಾಗ ತಲೆ ತಗ್ಗಿಸಿದಳು. ಡಾಕ್ಟರು ನಗಲಿಲ್ಲ, ಬೈಯಲೂ ಇಲ್ಲ.

"ನಾನು ಅವನನ್ನ ನೋಡಿಲ್ಲ, ಖಂಡಿತ ಹೇಳಲಾರೆ. ಆದರೆ ಬಹುಶಃ ಇದೇ ಕಾಯಿಲೆ. ಕೆಲವು ಮನೆತನದಲ್ಲಿ ಬರುತ್ತೆ. ನಿಮ್ಮ ಅಣ್ಣ ಹಸಿದು ಸತ್ತದ್ದಲ್ಲಮ್ಮ. ನೋವಿದ್ದಾಗ ಊಟ ನಿಲ್ಲಿಸಿದ್ದು ಸರಿಯಾದ ಕೆಲಸವೇ. ಕಾಯಿಲೆ ದೊಡ್ಡದಿತ್ತು, ಅಷ್ಟೆ."

ಆ ಮಾತು ಕೇಳಿದರೆ ಅವಳಿಗೆ ಹಗುರವಾಗಬೇಕಿತ್ತು. ಆಗಲಿಲ್ಲ. ಅಣ್ಣ ಹಸಿದು ಹೋಗದಿದ್ದರೆ, ಇಷ್ಟು ವರ್ಷ ಬಂದು ಉಂಡವನು ಯಾರು? ಯಾರೂ ಬರದಿದ್ದರೆ, ಆ ಎಲೆಯ ತುಂಬ ಬಡಿಸಿ ಮಗನ ಒಡಲಿಗೆ ಬೆಂಕಿ ಹಾಕಿದ ಕೈ ಯಾವುದು?

ಅಂದು ಮಧ್ಯಾಹ್ನ ಸಿದ್ದ ಕಣ್ಣು ಬಿಟ್ಟು ಮೆಲ್ಲಗೆ ಹೇಳಿದ: "ಅವ್ವ, ಹಸಿವಾಯ್ತದೆ ಕಣವ್ವ. ಒಂದು ಚೂರು ಏನಾದ್ರೂ ಕೊಡು."

ಮಂಚದ ಕೆಳಗೆ ಅವಳ ಕೈಚೀಲವಿತ್ತು. ಚೀಲದಲ್ಲಿ ಬಾಳೆ ಎಲೆಯಲ್ಲಿ ಸುತ್ತಿದ ಕಜ್ಜಾಯಗಳಿದ್ದವು. ದೊಡ್ಡಗಂಗಮ್ಮ ದಾರಿಗೆ ಕಟ್ಟಿಕೊಟ್ಟದ್ದು. ಅವಳ ಕೈ ತಾನಾಗಿಯೇ ಚೀಲದ ಕಡೆ ಹೋಯಿತು. ಒಂದು ಚೂರಿಗೆ ಏನಾಗುತ್ತದೆ? ಅಂದೂ ಒಂದೇ ಚೂರು ಕೇಳಿದ್ದ. ಮಗನ ದನಿಯಲ್ಲಿ ಆ ದನಿಯೂ ಕೂಡಿಕೊಂಡಂತೆ ಅವಳಿಗೆ ಕೇಳಿತು. ಇಬ್ಬರೂ ಒಟ್ಟಿಗೆ ಕೇಳುತ್ತಿದ್ದರು. ಅವಳು ಚೀಲವನ್ನು ಎದೆಗೆ ಅವುಚಿಕೊಂಡು ಎದ್ದು ನರ್ಸ್ ಮಹಾಲಕ್ಷ್ಮಮ್ಮನ ಮೇಜಿನ ಹತ್ತಿರ ಹೋದಳು.

"ಇದನ್ನ ನನ್ನ ಕಣ್ಣಿಗೆ ಕಾಣದಂಗೆ ಮಡಗು ತಾಯಿ."

ನರ್ಸ್ ಎಲೆ ಬಿಚ್ಚಿ ನೋಡಿದಳು. "ಕಜ್ಜಾಯನಾ? ನಂಗೆ ಕೊಟ್ರೆ ಇನ್ಯಾರ ಕಣ್ಣಿಗೂ ಕಾಣಲ್ಲ ಬಿಡಿ" ಎಂದಳು. ಆಮೇಲೆ ಇವಳ ಮುಖ ನೋಡಿ ದನಿ ತಗ್ಗಿಸಿದಳು. "ಇವತ್ತೊಂದು ದಿನ ತಡ್ಕೊಳ್ಳಿ. ನಾಳೆ ಗಂಜಿ ತಿಳಿ ಕೊಡ್ತೀವಿ."

ರಂಗಲಕ್ಷ್ಮಮ್ಮ ಮಂಚದ ಬಳಿಗೆ ಮರಳಿ ಬಂದಳು. ಮಗ ಕೇಳಿದ, ಅವಳು ಕೊಡಲಿಲ್ಲ. ಬೇಡಿದ, ಬೈದ, ಗೋಡೆಯ ಕಡೆ ತಿರುಗಿ ಅತ್ತ. ಅವಳು ಒದ್ದೆ ಬಟ್ಟೆಯಲ್ಲಿ ಅವನ ತುಟಿ ಒರೆಸುತ್ತ ಕೂತಳು. ಅವನು ಕೇಳುವುದನ್ನು ನಿಲ್ಲಿಸಿದಾಗ ಅವಳು ಬಟ್ಟೆ ಕೆಳಗಿಟ್ಟಳು. ಬಗ್ಗಿ ನೋಡಿದಳು. ಉಸಿರಾಡುತ್ತಿದ್ದ. ನಿದ್ದೆ ಹತ್ತಿತ್ತು. ಸಂಜೆ ಎದ್ದಾಗ ನೋವಿಲ್ಲ ಅಂದ.

ಮನೆಗೆ ಕಳಿಸುವಾಗ ಡಾಕ್ಟರು ವೆಂಕಟರಂಗಯ್ಯನನ್ನೂ ಕೂರಿಸಿಕೊಂಡು ಹೇಳಿದರು. ಎಣ್ಣೆ, ತುಪ್ಪ, ಕೊಬ್ಬರಿ, ಮಾಂಸ ದೂರವಿರಲಿ. ಮುದ್ದೆ, ತಿಳಿಸಾರು, ಮಜ್ಜಿಗೆ ಸಾಕು. ಇದು ಪೂರ್ತಿ ವಾಸಿಯಾಗುವ ಕಾಯಿಲೆಯಲ್ಲ. ನೋವು ಕಡಿಮೆಯಾಗಬಹುದು, ಆದರೆ ಕೆಟ್ಟ ಗ್ರಂಥಿ ಮತ್ತೆ ಚಿಗುರುವುದಿಲ್ಲ. "ಸಕ್ಕರೆಯನ್ನ ಹದದಲ್ಲಿಡೋದೂ ಅದೇ ಗ್ರಂಥಿ. ಮುಂದೆ ಇವನಿಗೆ ಸಕ್ಕರೆ ಕಾಯಿಲೆ ಬರಬಹುದು. ವಿಪರೀತ ಹಸಿವು, ಬಾಯಾರಿಕೆ, ತಿಂದಷ್ಟೂ ಸೊರಗೋದು, ಹೀಗೆ ಕಂಡರೆ ಒಂದು ದಿನವೂ ಕಾಯದೆ ಬನ್ನಿ."

ಮುಂದಿನ ಪಿತೃಪಕ್ಷಕ್ಕೆ ಅವಳು ತವರಿಗೆ ಒಬ್ಬಳೇ ಹೋದಳು. ದೊಡ್ಡಗಂಗಮ್ಮ ಮಗಳ ಹಿಂದೆ ಬಾಗಿಲಾಚೆ ನೋಡಿದಳು.

"ಎಲ್ಲಿ ಅವನು?"

"ಬಂದಿಲ್ಲ. ಇನ್ಮೇಲೆ ಬರಲ್ಲ ಕಣವ್ವ."

"ಅಂದೂ ನೀನೇ ಕೂತಿದ್ದೆ ಅವನ ತಲೆದೆಸೇಲಿ. ಇಂದೂ ನೀನೇ ಅಡ್ಡ ಕೂತಿದೀಯ. ಹುಟ್ಟಿದ ಮನೆ ಗಂಡುಮಗನ ಅನ್ನ ಕಿತ್ಕೊಳ್ಳೋಕೇ ಹುಟ್ಟಿದ್ದೇನೇ ನೀನು?"

ರಂಗಲಕ್ಷ್ಮಮ್ಮ ಬಾಳೆ ಎಲೆ ಒರೆಸಲು ಕೂತಳು. ಆ ವರ್ಷ ಎಲೆಯನ್ನು ಎಲ್ಲರೂ ಹಂಚಿಕೊಂಡು ಉಂಡರು. ತನ್ನ ಪಾಲಿಗೆ ಬಂದ ಕಜ್ಜಾಯವನ್ನು ಅವಳು ಎಲೆಯ ಅಂಚಿಗೆ ಸರಿಸಿದಳು.

ಆಮೇಲಿನ ಕೆಲವು ವರ್ಷ ಸಿದ್ದ ಚೆನ್ನಾಗಿದ್ದ ಎನ್ನಬಹುದು. ನೋವು ಅಪರೂಪವಾಯಿತು. ಬಂದರೆ ಉಪವಾಸ ಮಲಗುತ್ತಿದ್ದ, ಹೋಗುತ್ತಿತ್ತು. ವಯಸ್ಸಿಗೆ ತಕ್ಕ ಎತ್ತರ ಬರಲಿಲ್ಲ. ಓದು ನಿಂತಿತ್ತು. ಕುಣಿಗಲ್ಲಿನಲ್ಲಿ ಗುಂಡಯ್ಯನ ಸೈಕಲ್ ಷಾಪಿಗೆ ಸೇರಿ, ಪಂಕ್ಚರ್ ಹಾಕುವುದರಿಂದ ಹಿಡಿದು ಚಕ್ರದ ಓರೆ ತೆಗೆಯುವವರೆಗೆ ಕಲಿತ. ಮಾತು ಕಡಿಮೆ. ಆದರೆ ಅಪರೂಪಕ್ಕೆ, ಮುಚ್ಚಿದ ಬಾಗಿಲ ಮುಂದೆ ಸುಮ್ಮನೆ ನಿಂತುಬಿಡುತ್ತಿದ್ದ. ತಾಯಿ ಕರೆದರೆ ಎಚ್ಚತ್ತವನಂತೆ ಒಳಗೆ ಬರುತ್ತಿದ್ದ. ಏನು ಕೇಳಿಸಿಕೊಳ್ಳುತ್ತಿದ್ದ ಎಂದು ಅವಳು ಕೇಳಲಿಲ್ಲ.

ಎಂಬತ್ತೈದರ ಮಳೆಗಾಲದಲ್ಲಿ ಅವನಿಗೆ ಹಸಿವು ಹತ್ತಿತು.

ಮೊದಲು ಅವಳಿಗೆ ಸಂತೋಷವೇ ಆಯಿತು. ಒಂದು ಮುದ್ದೆಗೆ ಏಳುತ್ತಿದ್ದವನು ಇನ್ನೊಂದು ಕೇಳಿದ, ಮತ್ತೂ ಒಂದು ಕೇಳಿದ. ಉಂಡು ಕೈ ತೊಳೆದು ಬಂದು ಪಾತ್ರೆಯ ಮುಚ್ಚಳ ಎತ್ತಿ ನೋಡುತ್ತಿದ್ದ. ಹಂಡೆಯ ಪಕ್ಕ ನಿಂತು ಚೊಂಬಿನ ಮೇಲೆ ಚೊಂಬು ನೀರು ಕುಡಿಯುತ್ತಿದ್ದ. "ನಿನ್ನ ಹೊಟ್ಟೆಗೊಂದು ಡ್ಯಾಮು ಕಟ್ಟಿಸಬೇಕು ಕಣ್ಲಾ" ಎಂದು ಗುಂಡಯ್ಯ ಗೇಲಿ ಮಾಡುತ್ತಿದ್ದ. ಅಂಗಡಿಯವರೆಲ್ಲ ನಕ್ಕರು. ಆದರೆ ಅಂಗಿ ಅವನ ಹೆಗಲಿನಿಂದ ಜಾರತೊಡಗಿತು. ಕೆನ್ನೆಯ ಮೂಳೆ ಎದ್ದು ಬಂತು, ಕಣ್ಣು ಗುಳಿಗೆ ಇಳಿಯಿತು. ಒಂದು ದಿನ ಅವನು ದೀಪದ ಕಡೆ ತಿರುಗಿದಾಗ ಅವಳು ಬಡಿಸುವ ಸೌಟನ್ನು ಹಾಗೇ ಹಿಡಿದು ನಿಂತಳು. ಅಲ್ಲಿ ಕೂತಿದ್ದದ್ದು ಹೊನ್ನಯ್ಯ. ಆಗಷ್ಟೇ ಮೀಸೆ ಚಿಗುರಿದ, ಹಸಿದ ಹೊನ್ನಯ್ಯ.

"ಅವ್ವ, ಎಷ್ಟು ಉಂಡ್ರೂ ತುಂಬಲ್ಲ. ಮಾವ ಬಂದವ್ನೆ ಕಣವ್ವ" ಎಂದ ಸಿದ್ದ.

ಡಾಕ್ಟರ ಮಾತು ಅವಳು ಮರೆತಿರಲಿಲ್ಲ. ಆದರೆ ಡಾಕ್ಟರು ಹೇಳಿದ ಗುರುತೂ ಹಸಿವೇ, ತಾಯಿ ಹೇಳಿದ ಗುರುತೂ ಹಸಿವೇ. ಎರಡರ ನಡುವೆ ಅವಳು ಬಾಯಿ ಕಟ್ಟಿದವಳಂತೆ ಕೆಲವು ದಿನ ಕಳೆದಳು. ಅಷ್ಟರಲ್ಲಿ ಪಿತೃಪಕ್ಷ ಬಂತು. ಈ ಸಲ ಎಡೆಗೆ ಹೋಗೋಣ ಎಂದು ಹಟ ಹಿಡಿದವನು ಸಿದ್ದನೇ.

"ಆರು ವರ್ಷ ಆಯ್ತು ಅವನಿಗೆ ಹಾಕಿ. ನೀನು ನಿಲ್ಲಿಸ್ದೆ, ಅದಕ್ಕೇ ಹಿಂಗೆ ಒಳಗಿಂದ ತಿಂತಾವ್ನೆ. ನಾನು ಒಂದು ಸಲ ಹೊಟ್ಟೆ ತುಂಬ ಉಂಡ್ಬಿಡ್ತೀನಿ. ಹೋದ್ರೆ ಅವನು ಹೋಯ್ತಾನೆ, ಇಲ್ಲಾಂದ್ರೆ ನಾನು ಹೋಯ್ತೀನಿ."

"ಬುಡ್ತು ಅನ್ನು" ಎಂದ ವೆಂಕಟರಂಗಯ್ಯ. ತಮಾಷೆಯ ಮಾತು ಅವನ ಬಾಯಿಗೆ ಬರಲಿಲ್ಲ. ಹೆಂಡತಿಯನ್ನು ಪಕ್ಕಕ್ಕೆ ಕರೆದು, "ಎಲ್ಲಿಗಾದ್ರೂ ಕರ್ಕೊಂಡು ಹೋಗು. ನಂಗೆ ಅವನನ್ನ ನೋಡೋಕಾಗಲ್ಲ" ಎಂದ.

ತುಮಕೂರು ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ ಸಿದ್ದ ನಲ್ಲಿಗೆ ಬಾಯಿ ಕೊಟ್ಟು ಬಹಳ ಹೊತ್ತು ನೀರು ಕುಡಿದ. ಬಾಯಿ ಒರೆಸಿಕೊಂಡು ತಿರುಗಿದವನೇ, "ಅಗೋ ಗುಬ್ಬಿ ಬಸ್ಸು, ಬಾ" ಎಂದ. ಕ್ಲೀನರ್ ಬಾಗಿಲಲ್ಲಿ ಜೋತುಬಿದ್ದು ಗುಬ್ಬಿ, ಚೇಳೂರು ಎಂದು ಕೂಗುತ್ತಿದ್ದ. ರಂಗಲಕ್ಷ್ಮಮ್ಮ ಕದಲಲಿಲ್ಲ.

"ಹತ್ತವ್ವ."

"ನಾವು ಆಸ್ಪತ್ರೆಗೆ ಹೋಗೋದು."

"ಅಲ್ಲಿ ಏನೈತೆ? ಗಂಜಿನೂ ಕೊಡ್ದೆ ಮಲಗಿಸ್ತಾರೆ. ಅಜ್ಜಿ ಕಾಯ್ತಿರ್ತಾಳೆ. ಮಾವ ಕಾಯ್ತಿರ್ತಾನೆ."

"ಯಾರೂ ಕಾಯ್ತಿಲ್ಲ ಕಣೋ."

"ನಿಂಗೇನು ಗೊತ್ತು? ಒಳಗೆ ಇರೋದು ನನ್ನ ಹೊಟ್ಟೇಲಿ."

ಬಸ್ಸು ಗುರುಗುಟ್ಟಿತು. ಅವಳು ಅವನ ಮೊಣಕೈ ಹಿಡಿದಳು. ಎಲುಬೇ ಸಿಕ್ಕಿತು. ಅವಳ ನಾಲಿಗೆಯ ಮೇಲೆ ಇದ್ದದ್ದು ಈ ಎಲ್ಲ ವರ್ಷಗಳಲ್ಲಿ ಅವಳು ಎಂದೂ ಬಾಯಿ ಬಿಟ್ಟು ಆಡದ ಮಾತು. ಅದನ್ನು ಆಡಿದರೆ ಅಣ್ಣ ಇನ್ನೊಮ್ಮೆ ಸಾಯುತ್ತಾನೆ. ಈ ಸಲ ಪೂರ್ತಿಯಾಗಿ. ಇನ್ನು ಅವನು ಯಾವ ಬಾಗಿಲ ಹಿಂದೆಯೂ ಇರುವುದಿಲ್ಲ.

"ಹೊನ್ನಣ್ಣ ಸತ್ತೋದ, ಸಿದ್ದ" ಎಂದಳು. "ನಾನೇ ಕೂತಿದ್ದೆ ಪಕ್ಕದಲ್ಲಿ. ಕಜ್ಜಾಯ ಕೇಳ್ದ, ನಾನು ಕೊಡಲಿಲ್ಲ, ಸತ್ತೋದ. ಅವನಿಗೂ ನಿನ್ನಂಗೇ ಕಾಯಿಲೆ ಇತ್ತು, ಅಷ್ಟೇ. ಅವನು ಬರೋದಿಲ್ಲ. ಒಂದು ಸಲನೂ ಬಂದಿಲ್ಲ. ಬರ್ತಾನೆ ಅಂತ ನಿನ್ನ ತಲೆಗೆ ತುಂಬಿದ್ದು ನಾನು, ನಮ್ಮವ್ವ. ಈ ಹಸಿವು ಅವನದಲ್ಲ ಕಣೋ, ನಿಂದು. ನಿಂದಾದ್ರೆ ಔಷಧಿ ಐತೆ."

ಸಿದ್ದ ಅವಳ ಮುಖವನ್ನೇ ನೋಡಿದ. ಚಿಕ್ಕಂದಿನಿಂದ ಜೊತೆಗಿದ್ದವನನ್ನು ಯಾರೋ ಕೈಬಿಡಿಸಿಕೊಂಡು ಕರೆದೊಯ್ದಂತೆ ಅವನು ಅತ್ತಿತ್ತ ನೋಡಿದ. "ಹಂಗಾರೆ ನಾನು ಯಾರ ಜೊತೆ ಮಾತಾಡ್ತಿದ್ದೆ?" ಎಂದ. ಅವಳು ಅವನ ಮೊಣಕೈ ಬಿಡಲಿಲ್ಲ. ಗುಬ್ಬಿ ಬಸ್ಸು ಹೊರಟು ಹೋಯಿತು.

ಡಾಕ್ಟರು ಚನ್ನಬಸವಯ್ಯ ವರ್ಗವಾಗಿ ಹೋಗಿದ್ದರು. ಈಗಿದ್ದ ಹೊಸಬರು ಮೂತ್ರ ತರಿಸಿ, ನೀಲಿ ಔಷಧಿಯ ಕೊಳವೆಗೆ ನಾಲ್ಕು ಹನಿ ಹಾಕಿ ಬೆಂಕಿಗೆ ಹಿಡಿಸಿದರು. ನೀಲಿ ಹಸಿರಾಯಿತು, ಹಳದಿಯಾಯಿತು, ನೋಡನೋಡುತ್ತ ಇಟ್ಟಿಗೆಯ ಕೆಂಪಾಯಿತು. ಮೂತ್ರದ ತುಂಬ ಸಕ್ಕರೆ, ಇನ್ನೂ ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದರು. ಅಂದೇ ಇನ್ಸುಲಿನ್ ಸೂಜಿ ಶುರುವಾಯಿತು. ಇನ್ನು ಬದುಕಿರುವಷ್ಟು ಕಾಲ ಅದು ದಿನವೂ ಬೇಕಾಗಿತ್ತು. ಗಾಜಿನ ಸಿರಿಂಜನ್ನು ಕುದಿಸುವುದನ್ನೂ, ಔಷಧಿ ಸೀಸೆಯನ್ನು ನೀರಿನ ಮಡಕೆಯ ಪಕ್ಕದ ಒದ್ದೆ ಮರಳಿನಲ್ಲಿ ತಂಪಾಗಿಡುವುದನ್ನೂ ನರ್ಸ್ ಹೇಳಿಕೊಟ್ಟಳು. ಚುಚ್ಚುವುದನ್ನು ಮೊದಲು ಕಲಿತವಳು ರಂಗಲಕ್ಷ್ಮಮ್ಮ. ಮೊದಲ ಸಲ ಸೂಜಿ ಹಿಡಿದು ಚುಚ್ಚದೆ ಕೂತಳು.

"ಚುಚ್ಚವ್ವ, ನಂಗೆ ಇದಕ್ಕಿಂತ ದೊಡ್ಡದು ಅಭ್ಯಾಸ ಐತೆ" ಎಂದ ಮಗ.

ಹಸಿವು ದಿನದಿನಕ್ಕೆ ಇಳಿಯಿತು. ಅದು ಇಳಿದ ಹಾಗೆಲ್ಲ ಅವಳಿಗೆ ಮನೆ ಖಾಲಿಯಾಗುತ್ತಿದೆ ಎಂಬಂಥ ದುಃಖವೂ ಆಯಿತು. ಹಿಂದೆ ಕತ್ತಲ ಮೂಲೆಯಲ್ಲಿ, ಮುಚ್ಚಿದ ಬಾಗಿಲ ಹಿಂದೆ, ಮಗನ ಬಾಗಿದ ಬೆನ್ನಿನಲ್ಲಿ ಅವಳಿಗೆ ಅಣ್ಣನ ಸುಳಿವು ಸಿಗುತ್ತಿತ್ತು. ಹೆದರುತ್ತಿದ್ದಳು, ಆದರೂ ಅವನಿದ್ದ. ಈಗ ವಾರ್ಡಿನ ಬಿಳಿ ಗೋಡೆಗಳನ್ನು ಎಷ್ಟು ನೋಡಿದರೂ ಅಲ್ಲಿ ಯಾರೂ ಇರಲಿಲ್ಲ.

ಮನೆಗೆ ಕಳಿಸಿದ ದಿನ ತಾಯಿ ಮಗ ಕುಣಿಗಲ್ ಬಸ್ಸಿಗೆ ಕಾಯುತ್ತ ನಿಂತಿದ್ದರು. ಸಿದ್ದ ಕೇಳಿದ:

"ಮುಂದೆ ನಂಗೆ ಮಗು ಆದ್ರೆ, ಅದಕ್ಕೂ ಬತ್ತದಾ?"

ಇಲ್ಲ ಎಂದು ಹೇಳಲು ಅವಳಿಗೆ ಮನಸ್ಸಾಯಿತು. ಆದರೆ ಇನ್ನೊಂದು ಸುಳ್ಳು ಕಥೆಯನ್ನು ಅವನ ಹೊಟ್ಟೆಗೆ ಹಾಕಲು ಅವಳಿಂದಾಗಲಿಲ್ಲ.

"ಬಂದ್ರೂ ಬರಬೋದು. ಡಾಕ್ಟ್ರಿಗೂ ಗೊತ್ತಿಲ್ವಂತೆ."

"ಬಂದ್ರೆ?"

"ಬಂದ ದಿನವೇ ಇಲ್ಲಿಗೆ ಎತ್ಕೊಂಡು ಬರೋದು. ಚೇಳೂರಿಗಲ್ಲ."

ಅವನು ತಲೆಯಾಡಿಸಿದ. ಬಸ್ಸು ಬಂತು. ಜನ ನುಗ್ಗಿದರು. ಸಿದ್ದ ಹೆಗಲ ಟವೆಲನ್ನು ಕಿಟಕಿಯಿಂದ ಒಳಗೆಸೆದು ಅವಳಿಗೊಂದು ಸೀಟು ಹಿಡಿದ.